ದಂಡಿನ ಗುಡಿಸಲು, ಕಡಲಾಚೆಯ ಪಲ್ಟನ್: ಸಿಪಾಯಿ ತಾತನ ಒಂದು ಕಾಗದವೂ ಏಕೆ ಉಳಿಯಲಿಲ್ಲ?

ಓದುಗರ ಪ್ರಶ್ನೆ: ನಮ್ಮದು ಬೆಂಗಳೂರಿನ ಹಲಸೂರು ಕಡೆಯ ಹಳೆಯ ಕುಟುಂಬ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ನನ್ನ ತಾತನ ತಾತ ಮದ್ರಾಸ್ ಪಲ್ಟನ್‌ನಲ್ಲಿ, ಅಂದರೆ ಕಾಲಾಳು ರೆಜಿಮೆಂಟಿನಲ್ಲಿ, ಸಿಪಾಯಿಯಾಗಿದ್ದು ಬರ್ಮಾ ಯುದ್ಧಕ್ಕೆ ಹೋಗಿದ್ದರಂತೆ. ಅವರದೆಂದು ಹೇಳುವ ಒಂದು ಬೆಳ್ಳಿಯ ಪದಕ ನಮ್ಮಲ್ಲಿದೆ. ಅದರ ಮೇಲಿನ ಪಟ್ಟಿಯಲ್ಲಿ ‘ಬರ್ಮಾ 1885–7’ ಎಂದಿದೆ. ಅಂಚಿನಲ್ಲಿ ‘ಸಿಪಾಯ್’ ಮತ್ತು ‘ಮದ್ರಾಸ್ ಇನ್‌ಫೆಂಟ್ರಿ’ ಎಂಬ ಇಂಗ್ಲಿಷ್ ಅಕ್ಷರಗಳನ್ನು ಓದಬಹುದು, ಹೆಸರು ಅರ್ಧ ಸವೆದಿದೆ, ಪಲ್ಟನ್ನಿನ ನಂಬರು ಸರಿಯಾಗಿ ಕಾಣುವುದಿಲ್ಲ. ಅವರು ಬರೆದ ಕಾಗದ ಒಂದೂ ಇಲ್ಲ. ‘ಹೋದವರು ಎರಡು ವರ್ಷ ಒಂದು ಸಾಲನ್ನೂ ಬರೆಯಲಿಲ್ಲ’ ಎಂದು ಅಜ್ಜಿ ಹೇಳುತ್ತಿದ್ದರು. ಅವರ ಮಗ, ಅಂದರೆ ನನ್ನ ತಾತನ ತಂದೆ, ‘ಲೈನಿನಲ್ಲಿ ಹುಟ್ಟಿದವರು’ ಎಂಬ ಮಾತೂ ಇದೆ. ಸಿಪಾಯಿಗಳು ಹೆಂಡತಿಯನ್ನು ಜೊತೆಗಿಟ್ಟುಕೊಳ್ಳುವಂತಿರಲಿಲ್ಲ, ಆದ್ದರಿಂದ ಈ ಮಾತನ್ನು ಹೊರಗೆ ಆಡಬೇಡಿ ಎಂದು ಚಿಕ್ಕಪ್ಪ ಗದರುತ್ತಾರೆ. ಬರ್ಮಾದಲ್ಲಿ ಅವರಿಗೆ ಇನ್ನೊಂದು ಸಂಸಾರವಿತ್ತೆಂದು ಒಬ್ಬ ಸಂಬಂಧಿಕರು, ಕಡಲು ದಾಟಿದ್ದಕ್ಕೆ ಜಾತಿಯಿಂದ ಹೊರಗಿಟ್ಟಿದ್ದರೆಂದು ಇನ್ನೊಬ್ಬರು ಹೇಳುತ್ತಾರೆ. ಕುಟುಂಬದ ಚರಿತ್ರೆಯನ್ನು ಪುಸ್ತಕವಾಗಿ ಅಚ್ಚು ಹಾಕಿಸಬೇಕೆಂದಿದ್ದೇವೆ. ಇದರಲ್ಲಿ ಯಾವುದನ್ನು ನಂಬುವುದು? ದಾಖಲೆ ಹುಡುಕುವುದು ಹೇಗೆ? ಪದಕವನ್ನು ಮೆರುಗು ಕೊಡಿಸಿ ಚೌಕಟ್ಟಿನಲ್ಲಿ ಇಡಬಹುದೇ?

ಉತ್ತರ: ನೀವು ನಾಲ್ಕೈದು ಪ್ರಶ್ನೆಗಳನ್ನು ಕೇಳಿದ್ದೀರಿ, ಆದರೆ ಅವುಗಳ ಹಿಂದಿರುವ ಅಳಲು ಒಂದೇ ಎಂದು ನನಗೆ ತೋರುತ್ತದೆ: ಆ ಮನುಷ್ಯ ಮನೆಯನ್ನು ಮರೆತಿದ್ದನೇ? ಸೈನಿಕ ದಾಖಲೆಗಳ ನಡುವೆ ಬಹುಕಾಲ ಕಳೆದಿರುವ ನನ್ನ ಬಳಿಗೆ ಇಂಥ ಪದಕಗಳನ್ನು ಹಿಡಿದು ಬಂದ ಮನೆಯವರಲ್ಲಿ ಹೆಚ್ಚಿನವರು ಕೊನೆಗೆ ಕೇಳಿದ್ದು ಇದನ್ನೇ. ಅದಕ್ಕೆ ಉತ್ತರ ಹೇಳಬೇಕಾದರೆ, ಹತ್ತೊಂಬತ್ತನೆಯ ಶತಮಾನದ ಮದ್ರಾಸ್ ಸಿಪಾಯಿಗೆ ‘ಮನೆ’ ಎಂದರೆ ಎಲ್ಲಿತ್ತು ಎಂಬುದನ್ನು ಮೊದಲು ನೋಡಬೇಕು. ಅದು ನಾವು ಊಹಿಸುವ ಜಾಗದಲ್ಲಿ ಇರಲಿಲ್ಲ.

ಮೊದಲಿಗೆ ಪದಕದ ವಿಷಯ. ನಿಮ್ಮ ವಿವರಣೆಯಂತೆ ಇದು 1854ರಲ್ಲಿ ಆರಂಭವಾದ ಇಂಡಿಯಾ ಜನರಲ್ ಸರ್ವಿಸ್ ಪದಕ. ಒಂದು ಬದಿಯಲ್ಲಿ ವಿಕ್ಟೋರಿಯಾ ರಾಣಿಯ ಮುಖ, ಇನ್ನೊಂದು ಬದಿಯಲ್ಲಿ ಕುಳಿತ ಯೋಧನಿಗೆ ಮಾಲೆ ತೊಡಿಸುತ್ತಿರುವ ರೆಕ್ಕೆಯ ದೇವತೆ, ಅದರ ಕೆಳಗೆ ಕಮಲದ ಹೂ ಮತ್ತು ಎಲೆ ಇರಬೇಕು. ಅಗಲ ಒಂದೂವರೆ ಅಂಗುಲಕ್ಕೆ ಸ್ವಲ್ಪ ಕಡಿಮೆ. ಬೇರೆ ಬೇರೆ ದಂಡಯಾತ್ರೆಗಳಿಗೆ ಇದೇ ಪದಕದ ಮೇಲೆ ಬೇರೆ ಬೇರೆ ಪಟ್ಟಿಗಳನ್ನು ಕೂಡಿಸುತ್ತಿದ್ದರು. ನಿಮ್ಮಲ್ಲಿರುವ ಪಟ್ಟಿ ಮೂರನೆಯ ಬರ್ಮಾ ಯುದ್ಧ ಮತ್ತು ಅದರ ಬೆನ್ನಿಗೆ ನಡೆದ ಕಾರ್ಯಾಚರಣೆಗಳಿಗೆ ಸೇರಿದ್ದು. ಎರಡು ಸಣ್ಣ ಸುಳಿವುಗಳು ನಿಮ್ಮ ಮನೆಯ ಮಾತನ್ನು ಬಲಪಡಿಸುತ್ತವೆ. ಆ ದಂಡಯಾತ್ರೆಯಲ್ಲಿ ಆಯುಧ ಹಿಡಿದವರಿಗೆ ಬೆಳ್ಳಿಯ ಪದಕವನ್ನೂ, ಡೋಲಿ ಹೊತ್ತವರು, ನೀರು ಹೊತ್ತವರು, ಕುದುರೆ ನೋಡಿಕೊಂಡವರು ಮುಂತಾದ ಹಿಂಬಾಲಕರಿಗೆ ಕಂಚಿನ ಪದಕವನ್ನೂ ಕೊಟ್ಟರು; ನಿಮ್ಮದು ಬೆಳ್ಳಿಯದು. ಇನ್ನೊಂದು, ‘ನೇಟಿವ್’ ಎಂಬ ಪದವನ್ನು ಪಲ್ಟನ್‌ಗಳ ಹೆಸರಿನಿಂದ ತೆಗೆದದ್ದು 1885ರ ಸುಮಾರಿಗೆ. ಅಂಚಿನಲ್ಲಿ ಬರಿಯ ‘ಮದ್ರಾಸ್ ಇನ್‌ಫೆಂಟ್ರಿ’ ಎಂದಿರುವುದು ಕಾಲಕ್ಕೆ ಹೊಂದುತ್ತದೆ. ನಕಲಿ ಮಾಡುವವರು ಇಂಥ ಹೊಂದಾಣಿಕೆಗೆ ತಲೆ ಕೆಡಿಸಿಕೊಳ್ಳುವುದು ಅಪರೂಪ.

ಇನ್ನು ‘ಲೈನಿನಲ್ಲಿ ಹುಟ್ಟಿದ’ ಮಾತು. ಚಿಕ್ಕಪ್ಪನವರು ನಾಚಿಕೆಪಡುವ ಕಾರಣವೇ ಇಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕಾಲದಿಂದಲೂ ಬಂಗಾಳ, ಬೊಂಬಾಯಿ, ಮದ್ರಾಸ್ ಎಂಬ ಮೂರು ಪ್ರಾಂತಗಳಿಗೆ ಮೂರು ಪ್ರತ್ಯೇಕ ಸೈನ್ಯಗಳಿದ್ದವು, ಮತ್ತು ಅವುಗಳ ಮನೆಯ ರೀತಿ ಒಂದೇ ಆಗಿರಲಿಲ್ಲ. ಬಂಗಾಳ ಸೈನ್ಯದ ಅವಧ್ ಕಡೆಯ ಸಿಪಾಯಿ ಹೆಂಡತಿ ಮಕ್ಕಳನ್ನು ಹಳ್ಳಿಯಲ್ಲಿ ಕೂಡುಕುಟುಂಬದ ವಶಕ್ಕೆ ಬಿಟ್ಟು ಬರುತ್ತಿದ್ದ, ರಜೆ ಸಿಕ್ಕಾಗ ಊರಿಗೆ ನಡೆಯುತ್ತಿದ್ದ, ಹೊಲದ ವ್ಯಾಜ್ಯದಲ್ಲಿ ತನ್ನ ಕೆಂಪು ಅಂಗಿಯ, ಅಂದರೆ ಸಿಪಾಯಿ ಸಮವಸ್ತ್ರದ, ಬಲವನ್ನು ಬಳಸಿಕೊಳ್ಳುತ್ತಿದ್ದ. ಮದ್ರಾಸ್ ಸಿಪಾಯಿಯ ಪದ್ಧತಿ ಇದಕ್ಕೆ ತೀರ ಬೇರೆ. ಅವನ ಹೆಂಡತಿ, ಮಕ್ಕಳು, ಎಷ್ಟೋ ಸಲ ವಿಧವೆ ತಾಯಿ, ಮದುವೆಯಾಗದ ತಂಗಿ, ಎಲ್ಲರೂ ಪಲ್ಟನ್ನಿನ ಜೊತೆಯಲ್ಲೇ ಇರುತ್ತಿದ್ದರು. ಪರೇಡ್ ಮೈದಾನದ ಹಿಂದೆ ಸಾಲು ಸಾಲಾಗಿ ಗುಡಿಸಲುಗಳು. ಆ ಸಾಲುಗಳಿಗೇ ‘ಲೈನು’ ಎಂಬ ಹೆಸರು. ಗುಡಿಸಲನ್ನು ಸರ್ಕಾರ ಕಟ್ಟಿಸಿಕೊಡುತ್ತಿರಲಿಲ್ಲ. ಅದಕ್ಕೆಂದು ಕೊಡುವ ಅಷ್ಟಿಷ್ಟು ಹಣದಲ್ಲಿ ಸಿಪಾಯಿಯೇ ಮಣ್ಣಿನ ಗೋಡೆ ಎಬ್ಬಿಸಿ ಹುಲ್ಲು ಹೊದಿಸಿಕೊಳ್ಳಬೇಕಿತ್ತು, ಪಲ್ಟನ್ನಿಗೆ ವರ್ಗವಾದಾಗ ಅದನ್ನು ಹಿಂದೆ ಬರುವ ಪಲ್ಟನ್ನಿನವರಿಗೆ ಮಾರಿ ಹೊರಡಬೇಕಿತ್ತು. ಒಂದು ಪಲ್ಟನ್ ಬಳ್ಳಾರಿಯಿಂದ ಬೆಂಗಳೂರಿಗೋ ತಿರುಚಿನಾಪಳ್ಳಿಗೋ ಹೊರಟರೆ, ಮುಂದೆ ಸಿಪಾಯಿಗಳ ಸಾಲು, ಹಿಂದೆ ಎತ್ತಿನ ಬಂಡಿಗಳಲ್ಲಿ ಪಾತ್ರೆ ಪರಡಿ, ಕೋಳಿ ಬುಟ್ಟಿ, ಬಾಣಂತಿ, ಮುದುಕಿಯರು. ಅವನ್ನೆಲ್ಲ ಹೊರುವ ಖರ್ಚು ಸಿಪಾಯಿಯದೇ. ಪಲ್ಟನ್ ಪದೇಪದೇ ಸ್ಥಳ ಬದಲಾಯಿಸಿದಾಗ ಸಾಲ ಮೈಮೇಲೆ ಬರುತ್ತಿದ್ದುದು ಈ ಬಂಡಿ ಬಾಡಿಗೆಯಿಂದಲೇ.

ಬೆಂಗಳೂರಿನವರಾದ ನಿಮಗೆ ಇದರ ಗುರುತು ಕಣ್ಣೆದುರಿಗೇ ಇದೆ. ಶ್ರೀರಂಗಪಟ್ಟಣದ ಜ್ವರಕ್ಕೆ ಬೇಸತ್ತ ಬ್ರಿಟಿಷರು 1809ರ ಹೊತ್ತಿಗೆ ಹಲಸೂರಿನ ಬಳಿ ಸೈನ್ಯವನ್ನು ನೆಲೆಗೊಳಿಸಿದ ಮೇಲೆ ಹುಟ್ಟಿದ ಊರನ್ನೇ ನಮ್ಮ ಹಿರಿಯರು ‘ದಂಡು’ ಎಂದು ಕರೆದರು. 1881ರಲ್ಲಿ ಮೈಸೂರನ್ನು ಒಡೆಯರಿಗೆ ಮರಳಿಸಿದಾಗಲೂ ದಂಡಿನ ಪ್ರದೇಶ ಬ್ರಿಟಿಷರ ಕೈಯಲ್ಲೇ ಉಳಿಯಿತು. ಅಲ್ಲಿ ತೆಲುಗು, ತಮಿಳು, ದಖನಿ ಮಾತಾಡುವ ಮನೆಗಳು ಅಷ್ಟೊಂದು ಇರುವುದಕ್ಕೆ ವ್ಯಾಪಾರ ಒಂದು ಕಾರಣ, ಪಲ್ಟನ್ ಇನ್ನೊಂದು. ನಿಮ್ಮ ಮನೆಯ ತೆಲುಗು ಬಹುಶಃ ಆ ಬಂಡಿಗಳಲ್ಲೇ ಬಂದದ್ದು.

ಲೈನಿನಲ್ಲಿ ಹುಟ್ಟಿದ ಗಂಡುಮಗುವಿಗೆ ಪಲ್ಟನ್ ಬರಿಯ ಆಟದ ಬಯಲಾಗಿರಲಿಲ್ಲ. ಸಿಪಾಯಿಗಳ ಮಕ್ಕಳನ್ನು, ಅದರಲ್ಲೂ ತಂದೆ ಸತ್ತ ಹುಡುಗರನ್ನು, ‘ರಿಕ್ರೂಟ್ ಬಾಯ್’ ಎಂದು ಅರ್ಧ ಸಂಬಳದ ಮೇಲೆ ಪಟ್ಟಿಗೆ ಸೇರಿಸಿಕೊಳ್ಳುವ ಪದ್ಧತಿ ಮದ್ರಾಸ್ ಸೈನ್ಯದಲ್ಲಿ ಬಹುಕಾಲ ನಡೆಯಿತು. ಹುಡುಗ ಡ್ರಿಲ್ಲು, ಅಕ್ಷರ, ಕಹಳೆಯ ಕರೆಗಳನ್ನು ಕಲಿತು ವಯಸ್ಸಿಗೆ ಬಂದಾಗ ಬಂದೂಕು ಹಿಡಿಯುತ್ತಿದ್ದ. ಆ ಅರ್ಧ ಸಂಬಳದಲ್ಲಿ ತಾಯಿಯ ಒಲೆ ಉರಿಯುತ್ತಿತ್ತು. ಹೀಗೆ ಎರಡು ಮೂರು ತಲೆಮಾರು ಕಳೆಯುವ ಹೊತ್ತಿಗೆ ಅನೇಕ ಕುಟುಂಬಗಳಿಗೆ ಮೂಲದ ಹಳ್ಳಿ ಹೆಸರಷ್ಟೇ ಆಗಿ ಉಳಿದು, ಪಲ್ಟನ್ನೇ ಊರಾಯಿತು. ಬಂಗಾಳದ ಸಿಪಾಯಿಗೆ ಹೋಲಿಸಿದರೆ ಮದ್ರಾಸಿನವನು ರಜೆ ಕೇಳುವುದು ಕಡಿಮೆ ಎಂದು ಅಂದಿನ ಅಧಿಕಾರಿಗಳು ಮೆಚ್ಚಿಕೊಂಡು ಬರೆದಿದ್ದಾರೆ. ಮೆಚ್ಚುವಂಥದ್ದೇನೂ ಅದರಲ್ಲಿಲ್ಲ; ಹೆಂಡತಿ ಪಕ್ಕದ ಗುಡಿಸಲಿನಲ್ಲಿರುವಾಗ ಯಾರು ತಾನೇ ರಜೆ ಕೇಳುತ್ತಾರೆ?

ಲೈನಿನ ದಿನಚರಿಯೂ ಯುದ್ಧದ ಕಥೆಗಳಂತೆ ಇರಲಿಲ್ಲ. ಬೆಳಗಿನ ಜಾವದ ಕಹಳೆ, ಬಿಸಿಲೇರುವ ಮುಂಚೆ ಡ್ರಿಲ್ಲು, ಆಮೇಲೆ ಖಜಾನೆ, ಜೈಲು, ಮದ್ದಿನ ಮನೆಗಳ ಕಾವಲು, ಬೆಲ್ಟಿನ ಹಿತ್ತಾಳೆ ಉಜ್ಜುವುದು, ಸಂಜೆ ಪಲ್ಟನ್ನಿನ ಬಜಾರಿನಲ್ಲಿ ಉದ್ದರಿ ಲೆಕ್ಕ. ಸಿಪಾಯಿಯ ಮೂಲ ಸಂಬಳ ತಿಂಗಳಿಗೆ 7 ರೂಪಾಯಿ. 1895ರಲ್ಲಿ 9 ರೂಪಾಯಿ ಆಗುವವರೆಗೆ ಅದು ದಶಕಗಟ್ಟಲೆ ಅಲ್ಲಾಡಲಿಲ್ಲ. ಅದರಲ್ಲೇ ಊಟ, ಅದರಲ್ಲೇ ಬಟ್ಟೆಯ ಕೆಲವು ಕಡಿತಗಳು, ಅದರಲ್ಲೇ ಸಂಸಾರ. ಅಕ್ಕಿ ರಾಗಿಯ ಬೆಲೆ ಮಿತಿಮೀರಿದಾಗ ಪರಿಹಾರವೆಂದು ಒಂದಿಷ್ಟು ಕೂಡಿಸಿ ಕೊಡುತ್ತಿದ್ದರು. ಹಣದ ಮಾತು ಎಷ್ಟು ಗಂಭೀರವಾಗಿತ್ತೆಂದರೆ, 1857ರಲ್ಲಿ ಮದ್ರಾಸ್ ಸೈನ್ಯದ ಬಹುಭಾಗ ಶಾಂತವಾಗಿದ್ದಾಗ, ಬಂಗಾಳಕ್ಕೆ ಹೋಗಲು ಬೆಂಗಳೂರಿನಿಂದ ಹೊರಟಿದ್ದ 8ನೇ ಅಶ್ವದಳ ದಾರಿಯಲ್ಲಿ ನಿಂತುಬಿಟ್ಟಿತು. ಅದರ ತಕರಾರು ಧರ್ಮದ್ದಲ್ಲ, ಕಡಿತಗೊಂಡ ಸಂಬಳ ಪಿಂಚಣಿಗಳದ್ದು.

ಕಡಲು ದಾಟಿದ್ದಕ್ಕೆ ಜಾತಿ ಹೋಯಿತು ಎಂಬ ಮಾತು ಬಂಗಾಳ ಸೈನ್ಯದ ಚರಿತ್ರೆಯಿಂದ ಜಾರಿ ನಿಮ್ಮ ಮನೆಗೆ ಬಂದಿರಬೇಕು. 1824ರಲ್ಲಿ ಬಾರಕ್‌ಪುರದ ಬಂಗಾಳ ಪಲ್ಟನ್ ಬರ್ಮಾಕ್ಕೆ ಹೊರಡುವ ಸಂದರ್ಭದಲ್ಲಿ ದಂಗೆ ಎದ್ದದ್ದು, 1856ರಲ್ಲಿ ಹೊಸದಾಗಿ ಸೇರುವವರೆಲ್ಲ ಎಲ್ಲಿಗಾದರೂ ಹೋಗಲು ಸಿದ್ಧರಿರಬೇಕೆಂಬ ನಿಯಮ ತಂದದ್ದು, ಇವು ಶಾಲೆಯ ಪಾಠಗಳಲ್ಲೂ ಇವೆ. ಅದೇ 1824ರ ಮೇ ತಿಂಗಳಲ್ಲಿ ಮದ್ರಾಸಿನ ಪಲ್ಟನ್‌ಗಳು ಹಡಗಿನಲ್ಲಿ ರಂಗೂನಿಗೆ ಇಳಿದಿದ್ದವು. ಅದಕ್ಕೂ ಮೊದಲು 1811ರಲ್ಲಿ ಜಾವಾ, ಆಮೇಲೆ 1840ರ ದಶಕದ ಆರಂಭದಲ್ಲಿ ಚೀನಾ, 1868ರಲ್ಲಿ ಅಬಿಸೀನಿಯಾ, 1878ರಲ್ಲಿ ಮಾಲ್ಟಾ, ಹೀಗೆ ಮದ್ರಾಸಿನವರು ಹಡಗು ಹತ್ತುತ್ತಲೇ ಇದ್ದರು. ಇವರಲ್ಲಿ ತೆಲುಗರು, ತಮಿಳರು, ಮುಸ್ಲಿಮರು, ಕ್ರೈಸ್ತರು, ಊರು ಹೊರಗಿಟ್ಟ ಜಾತಿಗಳವರು ಎಲ್ಲರೂ ಇದ್ದರು. ಪಲ್ಟನ್ನಿನ ಒಂದೇ ತುಕಡಿಯಲ್ಲಿ ಬೆರೆತೇ ಇದ್ದರು. ಹಿಂತಿರುಗಿದವನಿಗೆ ಊರಿನ ನೆಂಟರು ಏನಾದರೂ ಶಾಸ್ತ್ರ ಮಾಡಿಸಿರಬಹುದು, ಅದು ಮನೆತನದ ಆಚಾರಕ್ಕೆ ಬಿಟ್ಟದ್ದು. ಆದರೆ ಪಲ್ಟನ್ನಿನ ಒಳಗೆ ಅದು ಬಹಿಷ್ಕಾರದ ವಿಷಯವಾಗಿರಲಿಲ್ಲ, ಏಕೆಂದರೆ ಹಾಗಾಗಿದ್ದರೆ ಲೈನಿನಲ್ಲಿ ಒಳಗೆ ಉಳಿಯಲು ಯಾರೂ ಇರುತ್ತಿರಲಿಲ್ಲ.

ಹಾಗಾದರೆ ಹಡಗು ಹತ್ತಿದಾಗ ನಿಜವಾಗಿ ಮುರಿದದ್ದು ಏನು? ಒಟ್ಟಿಗೆ ಇರುವ ಪದ್ಧತಿ. ದೇಶದೊಳಗೆ ಎಲ್ಲಿಗೆ ಹೋದರೂ ಜೊತೆಗೆ ಬರುತ್ತಿದ್ದ ಹೆಂಡತಿ ದಂಡಯಾತ್ರೆಯ ಹಡಗಿಗೆ ಹತ್ತುವಂತಿರಲಿಲ್ಲ. ಹಳ್ಳಿಯಲ್ಲಿ ಮಾವನ ಮನೆಯ ಆಸರೆಯಿದ್ದ ಬಂಗಾಳದ ಸಿಪಾಯಿಯ ಹೆಂಡತಿಗಿಂತ ಇವಳ ಪಾಡು ಕಠಿಣ. ಇವಳ ಊರು ಎಂಬುದೇ ಗಂಡನ ಜೊತೆ ಹೊರಟುಹೋದ ಪಲ್ಟನ್. ಹಿಂದೆ ಉಳಿದದ್ದು ಒಂದು ಸಾಲು ಗುಡಿಸಲು, ಅದರಲ್ಲಿ ಹೆಂಗಸರು, ಮಕ್ಕಳು, ಮುದುಕರು, ಮತ್ತು ಡಿಪೋದಲ್ಲಿ ಬಿಟ್ಟುಹೋದ ಕೆಲವು ಸಿಪಾಯಿಗಳು. ಆದ್ದರಿಂದಲೇ ಹೊರದೇಶದ ಸೇವೆಗೆ ಹೋಗುವ ಸಿಪಾಯಿ ತನ್ನ ಸಂಬಳದ ಒಂದು ಭಾಗವನ್ನು ಹೆಂಡತಿಗೋ ತಾಯಿಗೋ ಇಲ್ಲಿಯೇ ಕೊಡುವಂತೆ ಬರೆದುಕೊಡುವ ಏರ್ಪಾಡು ಮದ್ರಾಸ್ ಸೈನ್ಯದಲ್ಲಿ ಬಹಳ ಹಿಂದಿನಿಂದ ಇತ್ತು. ಹೊರದೇಶದಲ್ಲಿ ಸತ್ತವನ ವಾರಸುದಾರರಿಗೆ ಕುಟುಂಬ ಪಿಂಚಣಿಯೂ ಇತ್ತು. ಕಾಗದ ಬಂತೋ ಇಲ್ಲವೋ, ತಿಂಗಳಿಗೊಮ್ಮೆ ಹೆಬ್ಬೆಟ್ಟೊತ್ತಿ ಹಣ ಪಡೆಯುವುದೇ ಅವಳ ಪಾಲಿಗೆ ಗಂಡ ಇನ್ನೂ ಬದುಕಿದ್ದಾನೆ ಎಂಬ ಸುದ್ದಿ.

ಈಗ ಅಜ್ಜಿಯ ಮಾತಿಗೆ ಬರೋಣ. ಎರಡು ವರ್ಷ ಒಂದು ಸಾಲನ್ನೂ ಬರೆಯಲಿಲ್ಲ ಎಂಬುದನ್ನು ನಾನು ಸುಳ್ಳೆನ್ನುವುದಿಲ್ಲ, ಆದರೆ ಅದರಿಂದ ಮರೆತಿದ್ದ ಎಂಬ ತೀರ್ಮಾನಕ್ಕೆ ಬರಲಾರೆ. ಸೌಲಭ್ಯವಂತೂ ಆಗ ಇತ್ತು. ಬರ್ಮಾ ಅಂಚೆಯ ಲೆಕ್ಕದಲ್ಲಿ ಭಾರತದ ಭಾಗವೇ ಆಗಿತ್ತು. 1879ರಲ್ಲಿ ಕಾಲಾಣೆಯ, ಅಂದರೆ ಮೂರು ಕಾಸಿನ ಕಾರ್ಡು ಬಂದಿತ್ತು. 1880ರಲ್ಲಿ ಮನಿಯಾರ್ಡರ್ ಅಂಚೆ ಇಲಾಖೆಯ ಕೈಗೆ ಬಂದಿತ್ತು. ಸೈನ್ಯದ ಜೊತೆ ಯುದ್ಧಭೂಮಿಯ ಅಂಚೆ ಕಚೇರಿಗಳೂ ಸಾಗುತ್ತಿದ್ದವು. ತೊಡಕು ಇದ್ದದ್ದು ಬರೆಯುವ ಕೈಯಲ್ಲಿ ಮತ್ತು ಓದುವ ಬಾಯಲ್ಲಿ. ಅಕ್ಷರ ಬರದ ಸಿಪಾಯಿ ಮುನ್ಷಿಯನ್ನೋ ಅಕ್ಷರ ಬಲ್ಲ ಹವಾಲ್ದಾರನನ್ನೋ ಹಿಡಿದು ಹೇಳಿ ಬರೆಸಬೇಕು. ಇಲ್ಲಿ ಅದನ್ನು ಪಡೆದವಳು ಯಾರದ್ದೋ ಮನೆಯ ಜಗುಲಿಯ ಮುಂದೆ ನಿಂತು ಓದಿಸಿಕೊಳ್ಳಬೇಕು. ಹೀಗೆ ನಾಲ್ಕು ಕಿವಿಗಳ ನಡುವೆ ಹಾದುಹೋಗುವ ಕಾಗದದಲ್ಲಿ ಗಂಡ ಹೆಂಡತಿ ಏನು ಬರೆದುಕೊಂಡಾರು? ನಾನು ನೋಡಿರುವ ಆ ಕಾಲದ ಸಾಮಾನ್ಯ ಜನರ ಕಾಗದಗಳಲ್ಲಿ ‘ಇಲ್ಲಿ ಕ್ಷೇಮ, ಅಲ್ಲಿಯ ಕ್ಷೇಮಕ್ಕೆ ತಿಳಿಸುವುದು’ ಎಂಬ ಸಾಲಿನ ಆಚೆ ಬಹುಪಾಲು ಇರುವುದು ಹಣದ ಮಾತು, ಸಾಲದ ಮಾತು, ಹೆಸರು ಹಿಡಿದು ಎಲ್ಲರಿಗೂ ನಮಸ್ಕಾರ. ಹೆಂಡತಿಯ ಹೆಸರನ್ನು ಬರೆಯದೆ ‘ಮನೆಯವರಿಗೆ’ ಎಂದು ಮುಗಿಸಿದವೇ ಹೆಚ್ಚು. ಬಂದ ಕಾಗದವನ್ನು ಉಳಿಸಿಕೊಳ್ಳುವ ವಾಡಿಕೆಯೂ ನಮ್ಮಲ್ಲಿ ಕಡಿಮೆ: ಹಣದ ಕಾಗದವಾದರೆ ಹಣ ಬಂದ ಮೇಲೆ ಕೆಲಸವಿಲ್ಲ, ಸಾವಿನ ಸುದ್ದಿಯದಾದರೆ ಹೊಸಿಲ ಹೊರಗೇ ಓದಿ ಹರಿದು ಹಾಕಬೇಕು, ಉಳಿದದ್ದು ಗೆದ್ದಲಿನ ಪಾಲು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಎಷ್ಟೋ ಮನೆಗಳವರು ಗಂಟುಮೂಟೆ ಬಿಟ್ಟು ಬಯಲಿನ ಶೆಡ್ಡುಗಳಿಗೆ ಹೋದದ್ದನ್ನೂ, ಸೋಂಕಿನ ಭಯಕ್ಕೆ ಸಾಮಾನುಗಳನ್ನು ಸುಟ್ಟದ್ದನ್ನೂ ಮರೆಯಬಾರದು. ಕಾಗದ ಉಳಿಯದಿರುವುದಕ್ಕೂ ಕಾಗದ ಬಾರದಿರುವುದಕ್ಕೂ ನಡುವೆ ಇಷ್ಟೆಲ್ಲ ಅಂತರವಿದೆ.

ಬರ್ಮಾದ ಆ ಎರಡು ವರ್ಷಗಳು ಹೇಗಿದ್ದವು ಎಂಬುದೂ ಇಲ್ಲಿ ಮುಖ್ಯ. ಯುದ್ಧವೆಂದು ಕರೆಸಿಕೊಂಡದ್ದು ಮುಗಿದದ್ದು ಎರಡೇ ವಾರದಲ್ಲಿ: 1885ರ ನವೆಂಬರ್ ನಡುವಿನಲ್ಲಿ ಜನರಲ್ ಹ್ಯಾರಿ ಪ್ರೆಂಡರ್‌ಗಾಸ್ಟ್‌ನ ಸೈನ್ಯ ಐರಾವತಿ ನದಿಯಲ್ಲಿ ಸ್ಟೀಮರುಗಳ ಮೇಲೆ ಗಡಿ ದಾಟಿತು, ತಿಂಗಳ ಕೊನೆಗೆ ಮಂಡಾಲೆ ಶರಣಾಯಿತು, ಬರ್ಮಾದ ರಾಜ ಥೀಬಾ ರತ್ನಗಿರಿಗೆ ಸೆರೆಯಾಳಾಗಿ ಹೋದ. 1886ರ ಜನವರಿ 1ರಂದು ರಾಜ್ಯವನ್ನು ಸೇರಿಸಿಕೊಂಡೆವೆಂದು ಘೋಷಿಸಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಹಳ್ಳಿ ಹಳ್ಳಿಯೂ ಎದುರು ನಿಂತಿತು. ಅಧಿಕಾರಿಗಳು ಅವರನ್ನು ‘ಡಕಾಯಿತರು’ ಎಂದು ಬರೆದರು. ಈಗಿನ ಚರಿತ್ರೆಕಾರರು ಹಾಗೆ ಬರೆಯುವುದಿಲ್ಲ. ಸೈನ್ಯವನ್ನು ಸಣ್ಣ ಸಣ್ಣ ತುಕಡಿಗಳಾಗಿ ಒಡೆದು ಕಾಡಿನಂಚಿನ ಠಾಣೆಗಳಲ್ಲಿ, ಬೌದ್ಧ ವಿಹಾರಗಳಲ್ಲಿ, ಬಿದಿರಿನ ಬೇಲಿಯ ಒಳಗೆ ತಿಂಗಳುಗಟ್ಟಲೆ ಇರಿಸಿದರು. ಗುಂಡಿಗಿಂತ ಜ್ವರ, ಆಮಶಂಕೆ, ಕಾಲರಾಗಳು ಹೆಚ್ಚು ಜನರನ್ನು ಕೊಂದವು. ಮಲೇರಿಯಾ ಜ್ವರವನ್ನು ಹರಡುವುದು ಸೊಳ್ಳೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ತನ್ನ ಬಂಗಲೆಯ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿಗಳನ್ನು ಕಂಡಿದ್ದ ಮದ್ರಾಸ್ ಸೇವೆಯ ವೈದ್ಯ ರೊನಾಲ್ಡ್ ರಾಸ್ ಅದನ್ನು ಸಿಕಂದರಾಬಾದಿನಲ್ಲಿ ಹಿಡಿದು ತೋರಿಸಿದ್ದು 1897ರಲ್ಲಿ. ಅಂಥ ಒಂಟಿ ಠಾಣೆಯಲ್ಲಿ ಮುನ್ಷಿಯೂ ಇಲ್ಲ, ಅಂಚೆಯೂ ದೂರ. ಎರಡು ಮಳೆಗಾಲ ಸುದ್ದಿ ಬರದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಸಂಸಾರದ ಮಾತು. ಇಂಥದ್ದು ನಡೆಯುತ್ತಿರಲಿಲ್ಲವೆಂದು ಹೇಳಿದರೆ ನಾನು ಪ್ರಾಮಾಣಿಕನಲ್ಲ. ಎರಡನೆಯ ಬರ್ಮಾ ಯುದ್ಧದ ನಂತರ ಕೆಳ ಬರ್ಮಾದ ಕಾವಲಿಗೆ ಮದ್ರಾಸ್ ಪಲ್ಟನ್‌ಗಳು ಸರದಿಯ ಮೇಲೆ ಹೋಗುತ್ತಲೇ ಇದ್ದವು, ಭಾರತೀಯ ತಂದೆ ಮತ್ತು ಬರ್ಮೀ ತಾಯಿಯ ಮಕ್ಕಳು ಆ ಊರುಗಳಲ್ಲಿ ಗಣನೀಯವಾಗಿ ಇದ್ದರು. ಆದರೆ ‘ಬರ್ಮಾದಲ್ಲಿ ಇನ್ನೊಬ್ಬಳಿದ್ದಳು’ ಎಂಬುದು ನಮ್ಮ ದಕ್ಷಿಣದ ಕರಾವಳಿಯಿಂದ ದಂಡಿನವರೆಗೆ, ಗಂಡ ಕಡಲಾಚೆ ಹೋದ ಪ್ರತಿಯೊಂದು ಮನೆಯಲ್ಲೂ ಸುಳಿದಾಡುವ ಕಥೆ. ಕಾಗದ ಬಾರದ ಜಾಗವನ್ನು ಜನ ಆ ಕಥೆಯಿಂದ ತುಂಬಿಸಿಕೊಂಡಿದ್ದಾರೆ. ವಾರಸುದಾರರ ತಕರಾರು, ಪಿಂಚಣಿಯ ಎರಡು ಅರ್ಜಿಗಳು, ಇಂಥ ಬರಹದ ಸಾಕ್ಷ್ಯ ಸಿಗುವವರೆಗೆ ಅದನ್ನು ಅಚ್ಚಿಗೆ ಕೊಡಬೇಡಿ. ಸತ್ತವರು ಉತ್ತರ ಹೇಳಲಾರರು, ಬದುಕಿರುವ ನೆಂಟರು ಮಾತ್ರ ಮುನಿಸಿಕೊಳ್ಳುತ್ತಾರೆ.

ದಾಖಲೆಗಳ ಹುಡುಕಾಟಕ್ಕೆ ಹೊರಡುವ ಮುನ್ನ ಎರಡು ಗುಂಡಿಗಳನ್ನು ತೋರಿಸುತ್ತೇನೆ, ಅನೇಕರು ಬಿದ್ದಿರುವುದು ಇವುಗಳಲ್ಲೇ. ಮೊದಲನೆಯದು ಪಲ್ಟನ್ನಿನ ನಂಬರು. 1881ರಿಂದ 1885ರವರೆಗೆ ಮದ್ರಾಸ್ ಸೈನ್ಯದ ಮುಖ್ಯ ದಂಡನಾಯಕನಾಗಿದ್ದ ಫ್ರೆಡರಿಕ್ ರಾಬರ್ಟ್ಸ್‌ಗೆ ದಕ್ಷಿಣದವರು ಉತ್ತರದವರಷ್ಟು ಯೋಧರಲ್ಲ ಎಂಬ ಗಟ್ಟಿ ಅಭಿಪ್ರಾಯವಿತ್ತು. ಮುಂದೆ ಅವನೇ ಇಡೀ ಭಾರತದ ದಂಡನಾಯಕನಾದಾಗ ಆ ಅಭಿಪ್ರಾಯ ಆಡಳಿತವಾಯಿತು. 1890ರ ನಂತರದ ಕೆಲವೇ ವರ್ಷಗಳಲ್ಲಿ ಹಲವು ಮದ್ರಾಸ್ ಪಲ್ಟನ್‌ಗಳಿಂದ ದಕ್ಷಿಣದವರನ್ನು ಬಿಡಿಸಿ, ಅದೇ ನಂಬರಿನ ಕೆಳಗೆ ಗೂರ್ಖಾ, ಪಂಜಾಬಿಗಳನ್ನು ತುಂಬಿ ಬರ್ಮಾದಲ್ಲಿ ನೆಲೆಗೊಳಿಸಿದರು. 10ನೇ ಮದ್ರಾಸ್ ಪಲ್ಟನ್ ಮುಂದೆ ಗೂರ್ಖಾ ರೈಫಲ್ಸ್ ಆದದ್ದು ಹೀಗೆ. 1895ರಲ್ಲಿ ಪ್ರಾಂತೀಯ ಸೈನ್ಯಗಳೇ ಇಲ್ಲವಾದವು, 1903ರಲ್ಲಿ ಆಗಿನ ಭಾರತದ ದಂಡನಾಯಕ ಕಿಚನರ್ ಉಳಿದ ಮದ್ರಾಸ್ ಪಲ್ಟನ್‌ಗಳ ನಂಬರಿಗೆ 60 ಕೂಡಿಸಿದ. ಆದ್ದರಿಂದ ನಂಬರು ಸಿಕ್ಕ ಕೂಡಲೇ ಈಗಿನ ಯಾವುದೋ ರೆಜಿಮೆಂಟಿನ ಚರಿತ್ರೆಯನ್ನು ತೆರೆದು ಅದೇ ನಮ್ಮವರದೆಂದು ಬರೆದುಕೊಳ್ಳಬೇಡಿ.

ಎರಡನೆಯ ಗುಂಡಿ ಕನ್ನಡಿಗರಿಗೆಂದೇ ತೋಡಿದಂತಿದೆ. 1903ರ ನಂತರ ಹಲವು ಪಲ್ಟನ್‌ಗಳಿಗೆ ‘ಕರ್ನಾಟಿಕ್ ಇನ್‌ಫೆಂಟ್ರಿ’ ಎಂಬ ಹೆಸರು ಬಂತು. ಅದನ್ನು ಓದಿ ಇವು ಕನ್ನಡಿಗರ ಪಡೆಗಳೆಂದು ಹಿಗ್ಗುವವರಿದ್ದಾರೆ. ಅಲ್ಲಿ ಕರ್ನಾಟಿಕ್ ಎಂದರೆ ಆರ್ಕಾಟಿನ ನವಾಬನ ಸೀಮೆ, ಅಂದರೆ ಘಟ್ಟದ ಕೆಳಗಿನ ತಮಿಳು ತೆಲುಗು ನಾಡು.

ಈಗ ಹುಡುಕುವ ದಾರಿಗಳು. ಬ್ರಿಟಿಷ್ ಸೈನಿಕನಿಗೆ ಇರುವಂತೆ ಹುಟ್ಟಿದ ಊರು, ಎತ್ತರ, ನಡತೆಗಳ ಸಮೇತ ಒಂದು ಕಡತ ನಿಮ್ಮ ತಾತನಿಗೂ ಇರುತ್ತದೆಂದು ನಿರೀಕ್ಷಿಸಬೇಡಿ. ಹತ್ತೊಂಬತ್ತನೆಯ ಶತಮಾನದ ಭಾರತೀಯ ಸಿಪಾಯಿಗಳ ವೈಯಕ್ತಿಕ ದಾಖಲೆ ಬಹಳ ವಿರಳ. ಲಂಡನ್ನಿನಲ್ಲಿರುವ ಮದ್ರಾಸ್ ಸೈನ್ಯದ ಹಾಜರಿ ಪಟ್ಟಿಗಳು ಬಹುಮಟ್ಟಿಗೆ ಯುರೋಪಿಯನ್ನರವು. ನಿಮಗೆ ಮೊದಲು ಬೇಕಾದದ್ದು ಪದಕ ಪಡೆದವರ ಹೆಸರುಗಳ ಪಟ್ಟಿ. ಇಂಥ ಪಟ್ಟಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲೂ, ಕ್ಯೂ ಎಂಬಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ಪತ್ರಾಗಾರದ ಡಬ್ಲ್ಯು.ಒ. 100 ಎಂಬ ಸರಣಿಯಲ್ಲೂ ಹಂಚಿಹೋಗಿವೆ. ಅಲ್ಲಿ ಸಿಗುವುದು ಹೆಸರು, ನಂಬರು, ಹುದ್ದೆ ಅಷ್ಟೇ, ಮತ್ತು ಹೆಸರೊಂದನ್ನೇ ಹಿಡಿದು ಹೋದರೆ ಕಳೆದುಹೋಗುತ್ತೀರಿ. ಮುನಿಸ್ವಾಮಿ, ರಾಮಸ್ವಾಮಿ, ಶೇಖ್ ಇಮಾಮ್ ಇವರು ಒಂದೊಂದು ಪಲ್ಟನ್ನಿನಲ್ಲೂ ಹತ್ತಾರು ಜನ, ಕಾಗುಣಿತವೋ ಗುಮಾಸ್ತನ ಕಿವಿಗೆ ಬಿದ್ದಂತೆ. ವ್ಯಕ್ತಿಯ ನಂಬರೇ ನಿಜವಾದ ಗುರುತು.

ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ಮದ್ರಾಸ್ ಸರ್ಕಾರದ ಸೈನಿಕ ಇಲಾಖೆಯ ನಡವಳಿಗಳಿವೆ. ಪಲ್ಟನ್ ಎಂದು ಹೊರಟಿತು, ಕುಟುಂಬಗಳನ್ನು ಎಲ್ಲಿ ಬಿಟ್ಟಿತು, ಹಣ ಕೊಡುವ ಏರ್ಪಾಡು ಏನು ಎಂಬುದನ್ನು ಅಲ್ಲಿ ಹುಡುಕಬಹುದು. ಆದರೆ ಸೂಚಿಗಳನ್ನು ಪಳಗಿಸಿಕೊಳ್ಳಲು ದಿನಗಳು ಬೇಕು, ಒಂದೇ ಪ್ರವಾಸದಲ್ಲಿ ಮುಗಿಸಿಬರುತ್ತೇನೆಂದು ಹೋದವರು ಬರಿಗೈಯಲ್ಲಿ ಬರುತ್ತಾರೆ. ಮೈಸೂರು ರೆಸಿಡೆನ್ಸಿಯ, ಅಂದರೆ ಮೈಸೂರು ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯ ಕಚೇರಿಯ, ಕಡತಗಳಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಮನೆಯಿಂದಲೇ ಸೂಚಿ ನೋಡಬಹುದು, ಅದಕ್ಕೆ ಖರ್ಚಿಲ್ಲ. ಬಾಡಿಗೆಯ ಸಂಶೋಧಕರನ್ನು ಹಿಡಿಯುವುದಾದರೆ, ‘ಸಿಕ್ಕೇ ಸಿಗುತ್ತದೆ’ ಎಂದು ಮುಂಗಡ ಕೇಳುವವರನ್ನು ಬಿಟ್ಟು, ಸಿಗದಿದ್ದರೆ ಯಾವ ಯಾವ ಕಡತ ನೋಡಿದೆನೆಂದು ಬರೆದುಕೊಡುವವರನ್ನು ಆರಿಸಿ. ವಂಶವಾಹಿ ಪರೀಕ್ಷೆಯ ಕಿಟ್ಟುಗಳಿಂದ ಬರ್ಮಾದ ನೆಂಟರು ಸಿಗುತ್ತಾರೆಯೇ ಎಂದೂ ಕೆಲವರು ಕೇಳುತ್ತಾರೆ. ಐದು ತಲೆಮಾರಿನ ಹಿಂದಿನ ಸಂಬಂಧಕ್ಕೆ ಅದು ಮಸುಕಾದ ಸಾಕ್ಷಿ, ಮತ್ತು ನೀವು ಹುಡುಕದೇ ಇದ್ದ ಇತ್ತೀಚಿನ ರಹಸ್ಯವೊಂದು ಎದುರಾಗುವ ಅಪಾಯವೇ ಹೆಚ್ಚು.

ಪದಕಕ್ಕೆ ಮೆರುಗು ಕೊಡಿಸುವ ಯೋಚನೆಯನ್ನು ದಯವಿಟ್ಟು ಬಿಡಿ. ಹುಣಸೆಹಣ್ಣು, ಪಾತ್ರೆ ತಿಕ್ಕುವ ಪುಡಿ, ಅಕ್ಕಸಾಲಿಯ ಯಂತ್ರ, ಯಾವುದೂ ಬೇಡ. ಅಂಚಿನ ಹೆಸರು ಅರ್ಧ ಸವೆದಿರುವುದು ಹಿಂದಿನ ಯಾರೋ ಹಬ್ಬಕ್ಕೊಮ್ಮೆ ಉಜ್ಜಿದ ಫಲವೇ ಇರಬೇಕು, ಉಳಿದ ಅರ್ಧವನ್ನೂ ಕಳೆದರೆ ಅದು ಯಾರದೋ ಬೆಳ್ಳಿಯ ಬಿಲ್ಲೆ. ಬಿಳಿ ಹತ್ತಿ ಬಟ್ಟೆಯ ಮೇಲೆ ಇಟ್ಟು, ಒಂದೇ ಬದಿಯಿಂದ ಓರೆಯಾಗಿ ಟಾರ್ಚಿನ ಬೆಳಕು ಬಿಟ್ಟು, ಪದಕವನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಅಂಚಿನ ಇಪ್ಪತ್ತು ಮೂವತ್ತು ಚಿತ್ರ ತೆಗೆಯಿರಿ. ಕಣ್ಣಿಗೆ ಕಾಣದ ಅಂಕಿ ನೆರಳಿನಲ್ಲಿ ಎದ್ದು ಕಾಣುವುದನ್ನು ನಾನು ಅನೇಕ ಸಲ ನೋಡಿದ್ದೇನೆ. ಮುಂದೆ ಹಳೆಯ ಕಾಗದವೇನಾದರೂ ಸಿಕ್ಕರೆ ಲ್ಯಾಮಿನೇಷನ್ ಮಾಡಿಸಬೇಡಿ. ಒಂದು ಕುಟುಂಬ ಪಿಂಚಣಿ ಕಾಗದವನ್ನು ಹಾಗೆ ಮಾಡಿಸಿ ತಂದಿತ್ತು, ಶಾಖಕ್ಕೆ ಕಂದಿದ ಶಾಯಿಯನ್ನು ಮರಳಿಸುವ ದಾರಿ ನನಗೆ ಗೊತ್ತಿರಲಿಲ್ಲ. ಮಾರುವ ಮನಸ್ಸಾದರೆ ಕಾನೂನನ್ನು ನೆನಪಿಡಿ: 1972ರ ಪುರಾತನ ವಸ್ತುಗಳ ಕಾಯ್ದೆಯಂತೆ 100 ವರ್ಷ ದಾಟಿದ ಇಂಥ ವಸ್ತುವನ್ನು ದೇಶದ ಹೊರಗೆ ಕಳಿಸುವಂತಿಲ್ಲ, ಇಲ್ಲಿ ಅದರ ವ್ಯಾಪಾರ ಮಾಡುವವರಿಗೂ ಪರವಾನಗಿ ಬೇಕು. ಹೊರದೇಶದ ಹರಾಜಿನ ಬೆಲೆ ತೋರಿಸಿ ಆಸೆ ಹುಟ್ಟಿಸುವವರು ಈ ಮಾತನ್ನು ಹೇಳುವುದಿಲ್ಲ.

ನಿಮ್ಮ ಪುಸ್ತಕದಲ್ಲಿ ಸದ್ಯಕ್ಕೆ ಇಷ್ಟನ್ನು ಧೈರ್ಯವಾಗಿ ಬರೆಯಬಹುದು: ಮದ್ರಾಸ್ ಕಾಲಾಳು ಪಡೆಯ ಸಿಪಾಯಿಯೊಬ್ಬರ ಹೆಸರಿನ, ಬರ್ಮಾ ದಂಡಯಾತ್ರೆಯ ಪದಕ ಮನೆಯಲ್ಲಿದೆ, ಮತ್ತು ಅವರ ಮಗ ಲೈನಿನಲ್ಲಿ ಹುಟ್ಟಿದರೆಂಬ ಮಾತು ಆ ಸೈನ್ಯದ ಪದ್ಧತಿಗೆ ಪೂರ್ತಿ ಹೊಂದುತ್ತದೆ. ಕಾಗದ ಬರಲಿಲ್ಲ ಎಂಬುದನ್ನು ಅಜ್ಜಿಯ ಮಾತಾಗಿಯೇ, ಅವರ ಹೆಸರಿನಲ್ಲೇ ಬರೆಯಿರಿ.

ಇನ್ನೊಂದು ವಿಷಯ. ನಿಮ್ಮ ಪತ್ರದಲ್ಲಿ ಆ ಸಿಪಾಯಿಯ ಹೆಂಡತಿಯ ಹೆಸರು ಎಲ್ಲಿಯೂ ಇಲ್ಲ. ಪಲ್ಟನ್ ಹೊರದೇಶದಲ್ಲಿದ್ದಾಗ ಹಣ ಪಡೆದವಳು ಅವಳು, ಪಿಂಚಣಿಯ ಅರ್ಜಿ ಏನಾದರೂ ಇದ್ದರೆ ಅದು ಅವಳ ಹೆಸರಿನಲ್ಲೇ ಇರುತ್ತದೆ. ಮನೆಯಲ್ಲಿ ಎಂಬತ್ತು ದಾಟಿದ ಹೆಂಗಸರು ಇದ್ದರೆ, ಪದಕದ ಮಾತನ್ನು ಬದಿಗಿಟ್ಟು ಮೊದಲು ಆ ಹೆಸರನ್ನು ಕೇಳಿ. ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ ಯಾರ ಯಾರ ಹೆಸರು ಹೇಳುತ್ತಿದ್ದರೆಂದು ಕೇಳಿದರೆ ಅವರಿಗೆ ನೆನಪಾಗಬಹುದು. ಅದು ಸಿಕ್ಕ ಮೇಲೆ ಅಂಚಿನ ಚಿತ್ರಗಳ ಜೊತೆ ಮತ್ತೆ ಬರೆಯಿರಿ.